ಫ್ಯಾನ್ ಎಷ್ಟರಲ್ಲಿತ್ತು? ನನ್ನ ಪೋಸ್ಟ್‌ಮಾರ್ಟಂ ಡಾಕ್ಟರ್ ನಿಂತ ಕಥೆ

ಕ್ರೈಮ್ ಸೀರಿಯಲ್ ಬರೆಯುವ ಗೆಳೆಯರು ಈಗ ಫೋನ್ ಮಾಡಿದರೆ ಕೇಳುವುದು ಒಂದೇ ಮಾತು. "ಆ ತಿಕ್ಕಲು ಡಾಕ್ಟರ್ ಎಲ್ಲಿಂದ ಸಿಕ್ಕಿದ ಮಾರಾಯ?" ಎರಡು ವರ್ಷದ ಹಿಂದೆ ಇವರೇ ನನಗೆ ಬುದ್ಧಿ ಹೇಳಿದ್ದರು. ಡಾಕ್ಟರ್ ಸೀನು ಒಂದೂವರೆ ನಿಮಿಷ ದಾಟಿಸಬೇಡ, ಜನ ಚಾನೆಲ್ ತಿರುಗಿಸ್ತಾರೆ ಅಂತ. ನಮ್ಮ ಡಾಕ್ಟರ್ ಕೊನೆಕೊನೆಗೆ ಏಳು ನಿಮಿಷ ನಿಂತ. ಅದಕ್ಕೇ ಬರೆಯುತ್ತಿದ್ದೇನೆ. ಒನ್‌ಲೈನ್, ಸೀನ್ ಆರ್ಡರ್, ಬ್ರೇಕಿಗೆ ಮುಂಚಿನ ಟ್ವಿಸ್ಟು, ಇವೆಲ್ಲ ನಿಮಗೆ ಗೊತ್ತಿರೋದೇ. ಬಿಟ್ಟುಬಿಡುತ್ತೇನೆ.

ನಾನು ಬರೆಯುತ್ತಿದ್ದ ಕ್ರೈಮ್ ಸೀರಿಯಲ್ಲಿಗೆ ವಾರಕ್ಕೆ ಎರಡು ಎಪಿಸೋಡು, ಒಂದು ಕೇಸು. ಕಥೆ, ಸಂಭಾಷಣೆ ಎರಡೂ ಸೇರಿ ನನಗೆ ಎಪಿಸೋಡಿಗೆ ಆರು ಸಾವಿರ ಚಿಲ್ಲರೆ. ಚಾನೆಲ್‌ನವರ ಬೇಡಿಕೆ ಸರಳವಾಗಿತ್ತು. "ಡಾಕ್ಟರ್ ಸ್ವಲ್ಪ ವಿಚಿತ್ರ ಇರ್ಲಿ. ಸಾಳುಂಖೆ ತರ." ಸಾಳುಂಖೆ ಅಂದರೆ ಹಿಂದಿಯ ಸಿಐಡಿ ಸೀರಿಯಲ್ಲಿನ ಫೊರೆನ್ಸಿಕ್ ಡಾಕ್ಟರ್. ಆ ಸೀರಿಯಲ್ 1998ರಲ್ಲಿ ಶುರುವಾದದ್ದು. ಡಾಕ್ಟರ್ ಅಂದ ಕೂಡಲೇ ನಮ್ಮಲ್ಲಿ ಇವತ್ತಿಗೂ ಸಾಳುಂಖೆಯೇ ಕಣ್ಣ ಮುಂದೆ ಬರುವುದು. ನಾನೂ ಹೂಂ ಅಂದೆ.

ಮೊದಲನೇ ಡಾಕ್ಟರಿಗೆ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಶವದ ಪಕ್ಕ ಕೂತು ದೋಸೆ ತಿನ್ನಿಸಿದೆ. ಹಳೇ ಹಾಡು ಗುನುಗಿಸಿದೆ. ಎರಡು ಕನ್ನಡಕ ಹಾಕಿಸಿದೆ, ಒಂದು ಕಣ್ಣಿಗೆ, ಒಂದು ತಲೆ ಮೇಲೆ. ಡೈರೆಕ್ಟರಿಗೆ ಖುಷಿಯೋ ಖುಷಿ. ಮೊದಲ ವಾರ ಜನ ನಕ್ಕರು. ಮೂರನೇ ವಾರಕ್ಕೆ ದೋಸೆ ಹೋಗಿ ಇಡ್ಲಿ ಬಂತು, ಐದನೇ ವಾರಕ್ಕೆ ಇನ್ನೇನು ತಿನ್ನಿಸೋದು ಅಂತ ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಗುರುವಾರದ ರೇಟಿಂಗಿನಲ್ಲಿ ನಾವು ಕಾಣಿಸಲೇ ಇಲ್ಲ.

ಎರಡನೆಯವನನ್ನು ಮಹಾ ಬುದ್ಧಿವಂತ ಮಾಡಿದೆ. ಹೆಣದ ಮುಖ ನೋಡಿ "ರಾತ್ರಿ ಹನ್ನೊಂದು ನಲವತ್ತಕ್ಕೆ ಸತ್ತಿದ್ದಾನೆ" ಅನ್ನುವವನು. ಇದು ನನ್ನ ಕಾಲಿಗೇ ಕೊಡಲಿ ಆಯ್ತು. ನಿಮಿಷದ ಲೆಕ್ಕದಲ್ಲಿ ಸಮಯ ಸಿಕ್ಕಿಬಿಟ್ಟರೆ ಇನ್ಸ್‌ಪೆಕ್ಟರಿಗೆ ಉಳಿಯುವ ಕೆಲಸ ಏನು? ಆ ಹೊತ್ತಿಗೆ ಯಾರು ಎಲ್ಲಿದ್ದರು ಅಂತ ಕೇಳುವುದು, ಸುಳ್ಳು ಹೇಳಿದವನನ್ನು ಹಿಡಿಯುವುದು. ನಾಲ್ಕು ಕೇಸು ಒಂದೇ ಅಚ್ಚಿನಲ್ಲಿ ಹೋದವು. ಮೂರನೆಯವನಿಗೆ ಸತ್ತ ಹೆಂಡತಿಯ ಫೋಟೋ ಕೊಟ್ಟೆ. ಅದರ ಬಗ್ಗೆ ಮಾತಾಡದಿರುವುದೇ ವಾಸಿ.

ದುಡ್ಡು ಹೋದದ್ದು ಬೇರೆ. ಎದೆ ಕೊಯ್ದು ತೋರಿಸಲು ಒಂದು ಸಿಲಿಕಾನ್ ಬಾಡಿ ಮಾಡಿಸಿದರು, ಹತ್ತಿರ ಹತ್ತಿರ ನಲವತ್ತು ಸಾವಿರ. ಲೈಟ್ ಬಿದ್ದರೆ ಮೇಣದ ಗೊಂಬೆ. ಒಂದೇ ದಿನ ಬಳಸಿ ಮೂಲೆಗೆ ಹಾಕಿದರು. ಬೈಗುಳ ಬಂದದ್ದು ನನಗೆ, ಬರೆದವನು ನೀನೇ ತಾನೇ ಅಂತ. ಆಮೇಲೆ ಜೂನಿಯರ್ ಆರ್ಟಿಸ್ಟನ್ನೇ ಮಲಗಿಸಿದೆವು. ಹೆಣ ಆಗೋಕೆ ಮುನ್ನೂರು ರೂಪಾಯಿ ಜಾಸ್ತಿ, ಜೊತೆಗೆ ಕೊನೆಯಲ್ಲಿ ಎದ್ದು ನಗುವ ಒಂದು ಶಾಟ್ ತೆಗೆದೇ ಕಳಿಸಬೇಕು. ಇಲ್ಲದಿದ್ದರೆ ಮನೆಯವರು ಒಪ್ಪಲ್ಲ. ಅವನ ಹೊಟ್ಟೆ ಏರಿಳಿಯುತ್ತದೆ, ಹಾಗಾಗಿ ಒಂದು ಶಾಟಿಗೆ ಹನ್ನೆರಡು ಸೆಕೆಂಡೇ ಗರಿಷ್ಠ. ಕ್ಯಾಮೆರಾ ಹೆಣದ ಮೇಲೆ ನಿಲ್ಲುವ ಹಾಗೇ ಇಲ್ಲ. ಡಾಕ್ಟರ್ ಮುಖದ ಮೇಲೇ ನಿಲ್ಲಬೇಕು. ನನಗೆ ದಾರಿ ಕಾಣಿಸಿದ್ದು ಈ ಬಡತನದಿಂದಲೇ.

ಆ ಹೊತ್ತಿಗೆ ಪರಿಚಯವಾದವರು ಒಬ್ಬ ರಿಟೈರ್ಡ್ ಫೊರೆನ್ಸಿಕ್ ಪ್ರೊಫೆಸರ್. ಸಂಭಾವನೆ ಬೇಡ ಅಂದರು, ಫಿಲ್ಟರ್ ಕಾಫಿ ಸಾಕು ಅಂದರು. ನನ್ನ ಸ್ಕ್ರಿಪ್ಟು ಓದಿ ಮೊದಲ ಪುಟದಲ್ಲೇ ನಿಲ್ಲಿಸಿದರು.

"ಏನಪ್ಪಾ, ನಿಮ್ಮ ಡಾಕ್ಟರ್ ಪೊಲೀಸರಿಗಿಂತ ಮೊದಲೇ ಸ್ಪಾಟಿಗೆ ಹೋಗ್ತಾನಲ್ಲ. ಅವನಿಗೆ ಹೇಳಿದ್ಯಾರು?"

"ಇಂಗ್ಲಿಷ್ ಸೀರಿಯಲ್‌ಗಳಲ್ಲಿ ಹೋಗ್ತಾರೆ ಸಾರ್."

"ಅದು ಅವರ ಮೆಡಿಕಲ್ ಎಗ್ಸಾಮಿನರ್ ಪದ್ಧತಿ. ನಮ್ಮಲ್ಲಿ ಶವ ಪಂಚನಾಮೆ ಮಾಡೋದು ಪೊಲೀಸ್ನೋರು. ಮೊದಲು ಸಿಆರ್‌ಪಿಸಿ ಕಾನೂನಿನ 174ನೇ ಸೆಕ್ಷನ್, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 194. ನಮ್ಮ ಹತ್ರ ಸಾಮಾನ್ಯವಾಗಿ ಬರೋದು ಒಂದು ಬಾಡಿ, ಪೋಸ್ಟ್‌ಮಾರ್ಟಂ ಮಾಡಿಕೊಡಿ ಅನ್ನೋ ಒಂದು ರಿಕ್ವಿಸಿಶನ್ ಕಾಗದ. ಮಿಕ್ಕಿದ್ದೆಲ್ಲ ನಾವು ಕೇಳಿ ತಿಳ್ಕೋಬೇಕು."

ಕೇಳಿ ತಿಳ್ಕೋಬೇಕು. ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಏನು ಕೇಳ್ತೀರಿ ಸಾರ್ ಅಂದೆ. ಅವರು ಸುಮ್ನೆ ಹೇಳಿದರು, "ರೂಮಲ್ಲಿ ಫ್ಯಾನ್ ಎಷ್ಟರಲ್ಲಿತ್ತು ಅಂತ ಕೇಳ್ತಿದ್ದೆ. ಮೂವತ್ತು ವರ್ಷದಲ್ಲಿ ಒಬ್ಬ ಪಿಎಸ್‌ಐನೂ ಸರಿಯಾಗಿ ಉತ್ತರ ಕೊಡಲಿಲ್ಲ."

ಮನೆಗೆ ಬಂದು ಒಂದು ಪ್ರಯೋಗ ಮಾಡಿದೆ. ಹತ್ತು ಲೀಟರಿನ ಎರಡು ಪ್ಲಾಸ್ಟಿಕ್ ಕ್ಯಾನು. ಎರಡಕ್ಕೂ 37 ಡಿಗ್ರಿ ಬಿಸಿನೀರು. ಒಂದನ್ನು ಫ್ಯಾನಿನ ಕೆಳಗೆ ಇಟ್ಟೆ, ಇನ್ನೊಂದಕ್ಕೆ ಕಂಬಳಿ ಸುತ್ತಿ ಪಕ್ಕದ ರೂಮಿನಲ್ಲಿ ಮಲಗಿಸಿದೆ. ನಾಲ್ಕು ಗಂಟೆ ಆದಮೇಲೆ ಫ್ಯಾನಿನದು ಇಪ್ಪತ್ತೇಳೋ ಇಪ್ಪತ್ತೆಂಟೋ ಇತ್ತು. ಕಂಬಳಿಯದು ಮೂವತ್ತಮೂರರ ಮೇಲೇ. ದೇಹ ಅಂದರೆ ಕ್ಯಾನ್ ಅಲ್ಲ, ಅದು ನನಗೂ ಗೊತ್ತು. ಪ್ರೊಫೆಸರ್ ಕೂಡ ನಕ್ಕರು. ಆದರೆ ಹೆಣ ತಣ್ಣಗಾದ ಲೆಕ್ಕ ಹಿಡಿದು ನಿಮಿಷ ಹೇಳುವವನು ಸುಳ್ಳುಗಾರ ಅನ್ನುವುದು ಕೈಗೇ ತಿಳಿಯಿತು. ಮೈ ಸೆಟೆದುಕೊಳ್ಳುವುದೂ ಹಾಗೇ. ಬೇಸಿಗೆಯಲ್ಲಿ ಬೇಗ ಬಂದು ಬೇಗ ಬಿಡುತ್ತದೆ, ಚಳಿಯಲ್ಲಿ ನಿಧಾನ. ಇದೇ ಹುಚ್ಚಿನಲ್ಲಿ ಮಾಂಸದ ತುಂಡಿಟ್ಟು ನೊಣ ಯಾವಾಗ ಮೊಟ್ಟೆ ಇಡುತ್ತದೆ ಅಂತ ನೋಡಲು ಟೆರೇಸಿಗೂ ಹೋದೆ. ಮನೆಯವಳು ಎರಡನೇ ದಿನ ಎಲ್ಲ ಎತ್ತಿ ಬಿಸಾಕಿದಳು. ಆ ಅಧ್ಯಾಯ ಅಲ್ಲಿಗೆ ಮುಗಿಯಿತು.

ನಾಲ್ಕನೇ ಡಾಕ್ಟರ್ ಹುಟ್ಟಿದ್ದು ಹೀಗೆ. ಅವನಿಗೆ ತಿಂಡಿ ಇಲ್ಲ, ಹಾಡು ಇಲ್ಲ, ಹೆಂಡತಿ ಫೋಟೋ ಇಲ್ಲ. ಹೆಸರೂ ಇಡಲಿಲ್ಲ, ಸ್ಕ್ರಿಪ್ಟಿನಲ್ಲಿ "ಪಿಎಂ ಡಾಕ್ಟರ್" ಅಂತಲೇ ಉಳಿದ. ಅವನ ಹುಚ್ಚು ಎರಡೇ. ಸತ್ತ ಸಮಯ ಹೇಳು ಅಂದರೆ ಹೇಳಲ್ಲ, "ಆರರಿಂದ ಹತ್ತು ಗಂಟೆ ಹಿಂದೆ" ಅಂತ ಅಗಲವಾಗಿ ಬಿಡುತ್ತಾನೆ. ಯಾರೇ ಬರಲಿ, ಕಮಿಷನರೇ ಬರಲಿ, ಮೊದಲ ಪ್ರಶ್ನೆ "ಫ್ಯಾನ್ ಎಷ್ಟರಲ್ಲಿತ್ತು?"

ಚಾನೆಲ್ ಮೀಟಿಂಗಿನಲ್ಲಿ ಒಬ್ಬರು ನೇರವಾಗಿ ಅಂದರು. "ಟೈಮ್ ಹೇಳದ ಡಾಕ್ಟರ್ ಯಾಕ್ರೀ ಬೇಕು? ಮನೆಗೆ ಕಳ್ಸಿ." ಡೈರೆಕ್ಟರ್ ಕೂಡ ನೆಲ ನೋಡಿದರು. ನಾನು ಎರಡು ಕೇಸು ಕೇಳಿಕೊಂಡೆ. ಓಡದಿದ್ದರೆ ಆ ನಾಲ್ಕು ಎಪಿಸೋಡಿನ ದುಡ್ಡು ಬೇಡ ಅಂದೆ. ಹೆಂಡತಿಗೆ ಇದು ಇವತ್ತಿಗೂ ಗೊತ್ತಿಲ್ಲ.

ಮೊದಲ ಕೇಸಿನಲ್ಲಿ ಮಹಜರಿನಲ್ಲಿ "ಫ್ಯಾನ್ ಬಂದ್ ಇತ್ತು" ಅಂತ ಬರೆದಿರುತ್ತಾರೆ. ಡಾಕ್ಟರ್ ಒಪ್ಪಲ್ಲ. ಇನ್ಸ್‌ಪೆಕ್ಟರ್ ಕೂಗಾಡುತ್ತಾನೆ. ಡಾಕ್ಟರ್ ಎರಡು ಕ್ಯಾನ್ ತರಿಸಿ ಅವನ ಕೈಯಲ್ಲೇ ಮುಟ್ಟಿಸುತ್ತಾನೆ. ಕೊನೆಗೆ ಬಾಯಿ ಬಿಡುವವನು ಒಬ್ಬ ಕಾನ್‌ಸ್ಟೇಬಲ್. ಒಳಗೆ ಹೋದಾಗ ಪೇಪರ್ ಎಲ್ಲ ಹಾರುತ್ತಿತ್ತು, ನಾನೇ ಸ್ವಿಚ್ ಆಫ್ ಮಾಡಿದೆ ಸಾರ್ ಅಂತ. ಹೆಣ ಬೇಗ ತಣ್ಣಗಾದದ್ದು ಫ್ಯಾನಿನಿಂದ. ಅಲ್ಲಿಗೆ ಸಾವಿನ ಹೊತ್ತು ಈಚೆಗೆ ಸರಿಯುತ್ತದೆ, ಒಳಗೆ ಹಾಕಿದ್ದ ಅಳಿಯ ಹೊರಗೆ ಬರುತ್ತಾನೆ. ಇಡೀ ಸೀನಿಗೆ ಖರ್ಚು ಎರಡು ಕ್ಯಾನು, ಒಂದು ಥರ್ಮಾಮೀಟರು. ಆರ್ಟ್ ಡಿಪಾರ್ಟ್‌ಮೆಂಟಿನವರು ಬಿಲ್ಲು ಮಾತ್ರ ಸಾವಿರದ ಇನ್ನೂರು ತೋರಿಸಿದರು.

ಎರಡನೇ ಕೇಸಿಗೆ ಗುಡುಗು, ಮಿಂಚು, ನೀಲಿ ಲೈಟು, ಮಧ್ಯರಾತ್ರಿ ಪೋಸ್ಟ್‌ಮಾರ್ಟಂ ಬೇಕು ಅಂತ ಕ್ಯಾಮೆರಾಮನ್ ಹಟ ಹಿಡಿದ. ಸೂರ್ಯ ಮುಳುಗಿದ ಮೇಲೂ ಮಾಡಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ ಹೇಳಿದ್ದು 2021ರ ನವೆಂಬರಿನಲ್ಲಿ, ಅದೂ ಸೌಕರ್ಯ ಇರುವ ಆಸ್ಪತ್ರೆಗಳಲ್ಲಿ. ಆದರೆ ಕೊಲೆ, ಆತ್ಮಹತ್ಯೆ, ಕೊಳೆತ ಶವ ಇಂಥವನ್ನು ರಾತ್ರಿ ಮಾಡುವಂತಿಲ್ಲ, ಕಾನೂನು ಸುವ್ಯವಸ್ಥೆಯ ತೊಂದರೆ ಇದ್ದರೆ ಮಾತ್ರ ಬೇರೆ. ನಾನು ಅದನ್ನೇ ಸೀನು ಮಾಡಿದೆ. ಡಾಕ್ಟರ್ ಬೆಳಗಿನವರೆಗೂ ಶವಾಗಾರದ ಹೊರಗೆ ಬೆಂಚಿನ ಮೇಲೆ ಕೂರುತ್ತಾನೆ. ಮಂತ್ರಿ ಪಿಎ ಫೋನ್ ಮಾಡುತ್ತಾನೆ, ಇವನು ಏಳಲ್ಲ. ಪಕ್ಕದಲ್ಲಿ ಸತ್ತವನ ತಮ್ಮ. ಇಬ್ಬರ ಮಾತಿನಲ್ಲೇ ಕೇಸು ಅರ್ಧ ಬಿಚ್ಚಿಕೊಳ್ಳುತ್ತದೆ. ಶವಾಗಾರದ ಸೆಟ್ ಬಾಡಿಗೆ ಒಂದು ದಿನದ್ದು ಉಳಿಯಿತು. ಪ್ರೊಡ್ಯೂಸರ್ ನನ್ನ ಹೆಗಲ ಮೇಲೆ ಕೈ ಹಾಕಿದ್ದು ಅವತ್ತು ಒಂದೇ ದಿನ.

ಸಣ್ಣಪುಟ್ಟ ತಪ್ಪು ಆಮೇಲೂ ಆದವು. ವಿಸೆರಾ ಅಂದರೆ ಪರೀಕ್ಷೆಗೆ ಕಳಿಸುವ ಹೆಣದ ಒಳಾಂಗಗಳು, ಅದರ ಬಾಟಲಿಗೆ ಆರ್ಟ್ ಹುಡುಗ ಬರೀ ನೀರು ತುಂಬಿಸಿದ್ದ. ಪ್ರೊಫೆಸರ್ ಟಿವಿ ನೋಡಿ ರಾತ್ರಿಯೇ ಫೋನ್ ಮಾಡಿದರು. "ಉಪ್ಪು ಹಾಕಿ ಹಾಕಿ, ಇನ್ನು ಕರಗಲ್ಲ ಅಂತ ತಳದಲ್ಲಿ ನಿಂತಿರ್ಬೇಕು ಕಣಪ್ಪಾ." ಮುಂದಿನ ವಾರ ಡಾಕ್ಟರ್ ಅದನ್ನೇ ಹಿಡಿದು ಅಟೆಂಡರಿಗೆ ಬೈದ. ನಮ್ಮ ತಪ್ಪೇ ಡೈಲಾಗು ಆಯ್ತು. ಇನ್ನು ಕೆಮಿಕಲ್ ರಿಪೋರ್ಟು. ಬೆಂಗಳೂರು ಮಡಿವಾಳದ ಎಫ್‌ಎಸ್‌ಎಲ್‌ಗೆ, ಅಂದರೆ ಫೊರೆನ್ಸಿಕ್ ಲ್ಯಾಬಿಗೆ, ಹೋದದ್ದು ಮುಂದಿನ ಸೀನಿಗೇ ಬರುವ ಅಭ್ಯಾಸ ಬಿಟ್ಟೆ. ಮೂರು ಕೇಸು ಆದಮೇಲೆ ಬರುವಂತೆ ಮಾಡಿದೆ, ಜನ ಮರೆತ ಕೇಸು ಆಗ ಮತ್ತೆ ಎದ್ದಿತು.

ನಟನ ಬಗ್ಗೆ ಒಂದು ಮಾತು. ರಂಗಭೂಮಿಯಿಂದ ಬಂದವರು, ವಯಸ್ಸು ಅರವತ್ತರ ಹತ್ತಿರ. ಪ್ರಾಂಪ್ಟಿಂಗ್ ಬೇಡ ಅನ್ನುವವರು. ಫ್ಯಾನಿನ ಪ್ರಶ್ನೆಯನ್ನು ಪ್ರತಿ ಸಲ ಮೊದಲ ಸಲ ಕೇಳಿದ ಹಾಗೇ ಕೇಳುತ್ತಿದ್ದರು. ಅದು ಹೇಗೆ ಬಂತು ಅಂದರೆ, ಪ್ರತಿ ಟೇಕಿಗೆ ಮುಂಚೆ ನಾವಿಬ್ಬರೂ ಮಾಡುತ್ತಿದ್ದ ಒಂದು ಸಣ್ಣ ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ. ಮುಂದಿನ ಸೀರಿಯಲ್ಲಿಗೆ ಬೇಕು. ಡಾಕ್ಟರ್ ಬಾಯಲ್ಲಿ "ಗೊತ್ತಿಲ್ಲ" ಅನ್ನುವ ಮಾತು ಯಾವ ಜಾಗದಲ್ಲಿ ಬಿದ್ದರೆ ಚಪ್ಪಾಳೆ ಬರುತ್ತದೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ಎಂಟು ವಾರದಲ್ಲಿ ರೇಟಿಂಗ್ ಒಂದೂಕಾಲರಿಂದ ಮೂರರ ಹತ್ತಿರ ಹೋಯಿತು. ಆಟೋದವರು ನಟರನ್ನು ನಿಲ್ಲಿಸಿ ಫ್ಯಾನ್ ಎಷ್ಟರಲ್ಲಿತ್ತು ಸಾರ್ ಅಂತ ಕೇಳುತ್ತಿದ್ದರು. ಮನೆಗೆ ಕಳ್ಸಿ ಅಂದವರೇ ಡಾಕ್ಟರ್ ಸೀನು ಇನ್ನೂ ಜಾಸ್ತಿ ಮಾಡಿ ಅಂದರು. ನನ್ನ ಆರು ಸಾವಿರ ಒಂಬತ್ತಾಯಿತು. ಕೊನೆಯ ಎರಡು ಎಪಿಸೋಡಿನದು ಮಾತ್ರ ಇನ್ನೂ ಬಂದಿಲ್ಲ, ಸೀರಿಯಲ್ ಮುಗಿದು ಐದು ತಿಂಗಳಾಯಿತು.

ಈಗ ಇನ್ನೊಂದು ಕಡೆಯಿಂದ ಕರೆ ಬಂದಿದೆ. ಫಿಂಗರ್‌ಪ್ರಿಂಟ್ ಎಕ್ಸ್‌ಪರ್ಟ್ ಒಬ್ಬಳು ಬೇಕಂತೆ, ಹುಡುಗಿ, ಸ್ವಲ್ಪ ವಿಚಿತ್ರ. ಕೆಲಸ ಮಾಡುವಾಗ ಯಾವಾಗಲೂ ಏನಾದರೂ ತಿನ್ನುತ್ತಿರಬೇಕಂತೆ. ಸೋಮವಾರ ಮೀಟಿಂಗ್ ಇದೆ. ಅಷ್ಟರೊಳಗೆ ರಿಟೈರ್ ಆದ ಒಬ್ಬ ಬೆರಳಚ್ಚು ತಜ್ಞರನ್ನು ಹುಡುಕುತ್ತಿದ್ದೇನೆ. ಕಾಫಿ ಪುಡಿ ತಂದಿಟ್ಟಿದ್ದೇನೆ.