ಫಿನ್ನಿಷ್–ಹಂಗೇರಿಯನ್ ನಂಟನ್ನು ನೀವೇ ಪರೀಕ್ಷಿಸುವುದು ಹೇಗೆ?

ಫಿನ್‌ಲೆಂಡಿನ ಹೆಲ್ಸಿಂಕಿಯವರು ಆಡುವ ಮಾತು ಹಂಗೇರಿಯ ಬುಡಾಪೆಸ್ಟಿನವರಿಗೆ ಅರ್ಥವಾಗುವುದಿಲ್ಲ. ಹಾಗಿದ್ದರೂ ಫಿನ್ನಿಷ್, ಎಸ್ಟೋನಿಯನ್, ಸಾಮಿ, ಹಂಗೇರಿಯನ್ ಮತ್ತು ಪಶ್ಚಿಮ ಸೈಬೀರಿಯದ ಓಬ್ ನದಿಯ ಆಸುಪಾಸಿನ ಖಾಂತಿ, ಮಾನ್ಸಿ ಭಾಷೆಗಳು ಫಿನ್ನೊ-ಉಗ್ರಿಕ್ ಎಂಬ ಒಂದೇ ಕುಟುಂಬಕ್ಕೆ ಸೇರಿವೆ. ಈ ನಂಟನ್ನು ಎರಡು ನಿಘಂಟುಗಳನ್ನು ಮುಂದಿಟ್ಟುಕೊಂಡು ಯಾರು ಬೇಕಾದರೂ ಪರೀಕ್ಷಿಸಬಹುದು.

ಮೊದಲು ಪದಗಳನ್ನು ಆರಿಸಿಕೊಳ್ಳಿ. ಮೈಯ ಅಂಗಗಳು, ನೀರು, ಮರ, ಮೀನು ಹಾಗೂ ಸಣ್ಣ ಸಂಖ್ಯೆಗಳ ಹೆಸರುಗಳು ಸುಲಭವಾಗಿ ಎರವಲಾಗುವುದಿಲ್ಲ. ಆಡಳಿತ, ವ್ಯಾಪಾರ, ಧರ್ಮಗಳಿಗೆ ಸಂಬಂಧಿಸಿದವನ್ನು ಬಿಟ್ಟುಬಿಡಿ. ರಾಜ ಎಂಬರ್ಥದ ಫಿನ್ನಿಷ್ ‘ಕುನಿಂಗಸ್’ ಜರ್ಮ್ಯಾನಿಕ್ ಮೂಲದ್ದು. ನೂರಕ್ಕೆ ಫಿನ್ನಿಷಿನಲ್ಲಿ ‘ಸತ’, ಹಂಗೇರಿಯನ್ನಿನಲ್ಲಿ ‘ಸಾಜ಼್’ ಎನ್ನುತ್ತಾರೆ. ಇವು ಸಂಸ್ಕೃತದ ‘ಶತ’ವನ್ನು ನೆನಪಿಸುವುದಕ್ಕೆ ಕಾರಣ, ಬಹಳ ಹಿಂದೆಯೇ ಇಂಡೋ-ಇರಾನಿಯನ್ ಭಾಷೆಯಿಂದ ಪಡೆದ ಸಾಲ.

ಬಳಿಕ ಪದಗಳನ್ನು ಜೋಡಿಯಾಗಿ ಬರೆದು, ವ್ಯತ್ಯಾಸವು ಕ್ರಮಬದ್ಧವಾಗಿದೆಯೇ ಎಂದು ನೋಡಿ. ಮೀನಿಗೆ ಫಿನ್ನಿಷಿನಲ್ಲಿ ‘ಕಲ’, ಹಂಗೇರಿಯನ್ನಿನಲ್ಲಿ ‘ಹಲ್’. ಮೂರಕ್ಕೆ ‘ಕೊಲ್ಮೆ’, ‘ಹಾರೊಮ್’. ಫಿನ್ನಿಷಿನ ಕಕಾರಕ್ಕೆ ಎದುರಾಗಿ ಹಕಾರ ನಿಲ್ಲುತ್ತದೆ. ಆದರೆ ಕೈಗೆ ‘ಕ್ಯಾಸಿ’, ‘ಕೇಜ಼್’ ಎಂದಿರುವುದರಿಂದ ನಿಯಮ ಮುರಿಯಿತೆಂದು ಕೈಬಿಡಬೇಡಿ: ನಾಲಿಗೆಯ ಮುಂಭಾಗದಲ್ಲಿ ಹುಟ್ಟುವ ಸ್ವರಗಳ ಮುಂದೆ ಹಂಗೇರಿಯನ್ ಕಕಾರವನ್ನೇ ಉಳಿಸಿಕೊಂಡಿದೆ. ಪಕಾರದ ಸಾಲು ಇನ್ನೂ ಚೊಕ್ಕವಾಗಿದೆ. ಮರಕ್ಕೆ ‘ಪೂ’, ‘ಫ’. ತಲೆಗೆ ‘ಪ್ಯಾ’, ‘ಫೆಯ್’. ಹುಡುಗನಿಗೆ ‘ಪೊಯ್ಕ’, ‘ಫಿಯೂ’. ಹಳಗನ್ನಡದ ಪಾಲ್, ಪುಲಿಗಳು ಹಾಲು, ಹುಲಿಗಳಾದುದನ್ನು ಬಲ್ಲವರಿಗೆ ಇಂಥ ನಿಯಮ ಅಪರಿಚಿತವೇನಲ್ಲ.

ಒಂಟಿ ಹೋಲಿಕೆಯನ್ನು ಮಾತ್ರ ನಂಬಬೇಡಿ. ಫಿನ್ನಿಷಿನಲ್ಲೂ ‘ಕಿವಿ’ ಎಂಬ ಪದವಿದೆ, ಅದರ ಅರ್ಥ ಕಲ್ಲು!

ವ್ಯಾಕರಣದ ಹೋಲಿಕೆಯಲ್ಲಿ ಇನ್ನಷ್ಟು ಎಚ್ಚರ ಬೇಕು. ‘ತಲೊಸ್ಸನಿ’ ಎಂಬ ಒಂದೇ ಫಿನ್ನಿಷ್ ಪದದಲ್ಲಿ ‘ತಲೊ’ ಮನೆ, ‘ಸ್ಸ’ ಸಪ್ತಮಿಯ ಪ್ರತ್ಯಯ, ‘ನಿ’ ಎಂದರೆ ನನ್ನ. ಕನ್ನಡದ ‘ಮನೆಯಲ್ಲಿ’ಯೂ ಹೀಗೆಯೇ ಪ್ರತ್ಯಯ ಹತ್ತಿಸಿಕೊಳ್ಳುತ್ತದೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಇಂಥ ಸಾಮ್ಯಗಳಿಂದಲೇ ಫಿನ್ನಿಷ್ ಕಡೆಗೂ ನಂಟು ಹುಡುಕಿದ್ದರು. ವಿದ್ವಾಂಸರು ಅದನ್ನು ಒಪ್ಪಿಲ್ಲ, ಏಕೆಂದರೆ ರಚನೆಯ ಸಾಮ್ಯ ಸಂಬಂಧವಿಲ್ಲದ ಭಾಷೆಗಳಲ್ಲೂ ಸಿಗುತ್ತದೆ.

ಕೊನೆಗೆ ಮೂರನೆಯ ಭಾಷೆಯೊಂದರ ಸಾಕ್ಷ್ಯ ಕೇಳಿ. ರಷ್ಯಾದ ವೋಲ್ಗಾ ಪ್ರದೇಶದ ಎರ್ಜ್ಯಾ ಭಾಷೆಯಲ್ಲಿ ಮೀನು ‘ಕಲ್’, ಉತ್ತರ ಸಾಮಿಯಲ್ಲಿ ‘ಗುಒಲ್ಲಿ’. ಹೀಗೆ ಪ್ರತಿಯೊಂದು ಜೋಡಿಯ ಪಕ್ಕದಲ್ಲೂ ಇನ್ನೊಂದು ಭಾಷೆಯ ಪದವನ್ನು ಬರೆಯುತ್ತ ಹೋಗಿ. ಯಾವ ಭಾಷೆಯಲ್ಲೂ ಜೊತೆ ಸಿಗದ ಪದವನ್ನು ಸದ್ಯಕ್ಕೆ ಬದಿಗಿಡಿ.