ರಾತ್ರಿ ಕೆರೆ ಈಜು: ಹೊರಡುವ ಮುಂಚೆ ಒಂದಿಷ್ಟು ಮಾತು

ಬೇಸಿಗೆ ರಜೆಗೆ ಊರಿಗೆ ಹೋದಾಗ ರಾತ್ರಿ ಊಟ ಮುಗಿದ ಮೇಲೆ ಯಾರಾದರೂ ಒಬ್ಬ ಶುರು ಮಾಡುತ್ತಾನೆ, ‘ಕೆರೆಗೆ ಹೋಗೋಣ್ವಾ?’ ಅಂತ. ಹೋಗಿ, ಬೇಡ ಅನ್ನಲ್ಲ. ಆದರೆ ಆ ಮಾತು ಮಧ್ಯಾಹ್ನವೇ ಬರಬೇಕಿತ್ತು. ರಾತ್ರಿ ಈಜಿನ ಅರ್ಧ ಕೆಲಸ ಬಿಸಿಲಿರುವಾಗಲೇ ಮುಗಿದಿರಬೇಕು.

ಮೊದಲು, ಯಾವ ಕೆರೆ? ಹಗಲಲ್ಲಿ ನೀವು ಈಜಿ ಈಜಿ ಪಳಗಿರುವ ಊರ ಕೆರೆ, ಅಷ್ಟೇ. ಅಲ್ಲೂ ಈಜು ನಿಷೇಧ ಅಂತ ಬೋರ್ಡ್ ಇದ್ದರೆ ವಾಪಸ್ ಬನ್ನಿ. ಬೆಂಗಳೂರಿನ ಕೆರೆಗಳ ಮಾತೇ ಬೇಡ, ಎಷ್ಟೋ ಕೆರೆಗಳಿಗೆ ಚರಂಡಿ ನೀರೇ ಬಂದು ಸೇರುತ್ತದೆ. ಹಿನ್ನೀರು ನೋಡೋಕೆ ಚೆಂದ, ಆದರೆ ಲಿಂಗನಮಕ್ಕಿಯಂಥ ಕಡೆ ಮುಳುಗಿದ ಕಾಡಿನ ಬೊಡ್ಡೆಗಳು ನೀರಿನಡಿ ಇನ್ನೂ ನಿಂತಿವೆ. ಕಲ್ಲು ಕ್ವಾರಿ ಗುಂಡಿಗೆ ದಡ ಅನ್ನೋದೇ ಇರಲ್ಲ, ಕಾಲಿಟ್ಟಲ್ಲೇ ಆಳ, ಹತ್ತೋಕೆ ಹಿಡಿತವೂ ಸಿಗಲ್ಲ. ಬಂಡೀಪುರ, ನಾಗರಹೊಳೆ ಅಂಚಿನವರು, ಸಕಲೇಶಪುರ, ಆಲೂರು ಕಡೆಯವರು ಸುಮ್ನೆ ಮನೆಯಲ್ಲಿರಿ. ಅಲ್ಲಿ ರಾತ್ರಿ ಕೆರೆ ಆನೆಗಳದ್ದು.

ಸಂಜೆ ನಾಲ್ಕಕ್ಕೆ ಹೋಗಿ ಒಂದು ಸುತ್ತು ಹಾಕಿ. ಗದ್ದೆಗೆ ನೀರು ಬಿಡುವ ತೂಬು ಎಲ್ಲಿದೆ ನೋಡಿಕೊಳ್ಳಿ. ತೂಬು ಎತ್ತಿದ್ದರೆ ಅದರ ಹತ್ತಿರ ನೀರು ಒಳಗೆ ಎಳೆಯುತ್ತದೆ, ಮೇಲಿಂದ ನೋಡಿದರೆ ಏನೂ ಗೊತ್ತಾಗಲ್ಲ. ಸಾಮಾನ್ಯವಾಗಿ ಕೆರೆಯ ಆಳವೆಲ್ಲ ಏರಿ ಕಡೆಗೇ ಇರುತ್ತದೆ, ಏರಿಯ ಕಲ್ಲಿಗೆ ಪಾಚಿ ಬೇರೆ. ಅದಕ್ಕೇ ಪಕ್ಕದ ದಡದಲ್ಲಿ ಗಟ್ಟಿ ಗರಸು ನೆಲ ಹುಡುಕಿ. ಹೂಳೆತ್ತಿದ ಕೆರೆಯಾದರೆ ಜೆಸಿಬಿ ತೋಡಿದ ಗುಂಡಿಗಳು ಇದ್ದೇ ಇರುತ್ತವೆ, ಮೊಣಕಾಲುದ್ದ ನೀರಲ್ಲಿ ಆರಾಮಾಗಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟು ಇಳಿದುಬಿಡುತ್ತಾನೆ. ಉದ್ದ ಕೋಲು ಹಿಡಿದು ಇಳಿಯುವ ಜಾಗವನ್ನೆಲ್ಲ ಕುಟ್ಟಿ ನೋಡಿ.

ಇನ್ನು ಬಲೆ. ಇದರ ಬಗ್ಗೆ ಯಾರೂ ಜಾಸ್ತಿ ಹೇಳಲ್ಲ, ನನಗೆ ಎಲ್ಲಕ್ಕಿಂತ ಹೆದರಿಕೆ ಇದರದ್ದೇ. ಮೀನು ಟೆಂಡರ್ ಹಿಡಿದವರು ಸಂಜೆ ಬಲೆ ಬಿಟ್ಟು ಬೆಳಗ್ಗೆ ಎತ್ತುತ್ತಾರೆ, ಅಂದರೆ ನೀವು ಇಳಿಯುವ ಹೊತ್ತಿಗೆ ಸರಿಯಾಗಿ ಬಲೆ ನೀರಲ್ಲಿರುತ್ತದೆ. ನೈಲಾನ್ ಎಳೆ ಕತ್ತಲಲ್ಲಿ ಕಾಣುವುದೇ ಇಲ್ಲ. ಮೇಲೆ ತೇಲುವ ಥರ್ಮಾಕೋಲ್ ತುಂಡೋ ಖಾಲಿ ಬಾಟಲಿಯೋ ಅಷ್ಟೇ ಗುರುತು. ಹಗಲಲ್ಲೇ ಕಾವಲಿನವರ ಹತ್ತಿರ ಹೋಗಿ, ‘ಅಣ್ಣಾ, ಇವತ್ತು ಬಲೆ ಯಾವ ಕಡೆ ಬಿಡ್ತೀರಾ?’ ಅಂತ ಕೇಳಿ, ರಾತ್ರಿ ಬರುತ್ತೇವೆ ಅಂತಲೂ ಹೇಳಿ. ಹೇಳದೆ ಹೋದರೆ ಮೀನು ಕಳ್ಳರು ಅಂತ ಟಾರ್ಚ್ ಬಿಟ್ಟು ಓಡಿಸುತ್ತಾರೆ, ಓಡಿಸಬೇಕಾದ್ದೇ. ಅಕಸ್ಮಾತ್ ಕಾಲಿಗೆ ಸಿಕ್ಕಿಕೊಂಡರೆ ಒದೆಯಬೇಡಿ, ಒದ್ದಷ್ಟೂ ಸುತ್ತಿಕೊಳ್ಳುತ್ತದೆ. ಜೊತೆಯವರನ್ನು ಕೂಗಿ, ಅಂಗಾತ ತೇಲಿ, ಮೊಣಕಾಲು ಎದೆಗೆ ತಂದು ಕೈಯಿಂದ ಎಳೆ ಬಿಡಿಸಿ.

ದಿನ ಯಾವುದು ಅಂದರೆ ಎಲ್ಲರೂ ಹುಣ್ಣಿಮೆ ಅಂತಾರೆ. ಹುಣ್ಣಿಮೆಗೆ ಎರಡು ಮೂರು ದಿನ ಮುಂಚಿನ ರಾತ್ರಿ ಇನ್ನೂ ವಾಸಿ. ಹುಣ್ಣಿಮೆ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟಿ ಸ್ವಲ್ಪ ಹೊತ್ತು ಮರಗಳ ಹಿಂದೆಯೇ ಇರುತ್ತಾನೆ. ಮುಂಚಿನ ದಿನಗಳಲ್ಲಾದರೆ ಕತ್ತಲಾಗುವಷ್ಟರಲ್ಲಿ ಮೇಲೆ ಬಂದಿರುತ್ತಾನೆ. ಹುಣ್ಣಿಮೆ ಕಳೆದರೆ ದಿನಕ್ಕೆ ಸುಮಾರು 50 ನಿಮಿಷ ತಡ. ಫೆಬ್ರವರಿಯಿಂದ ಮೇ ಒಳಗೆ ಮುಗಿಸಿಬಿಡಿ, ಮಳೆ ಹಿಡಿದು ಕೋಡಿ ಬಿದ್ದ ಮೇಲೆ ಆ ಆಸೆ ಬಿಡಿ.

ಐದು ಜನ ಹೋದರೆ ನಾಲ್ಕು ಜನ ಇಳಿಯಿರಿ. ಒಬ್ಬ ದಡದಲ್ಲೇ ಇರಬೇಕು, ಮೊಬೈಲ್ ನೋಡುತ್ತಾ ಅಲ್ಲ, ತಲೆ ಎಣಿಸುತ್ತಾ. ಅವನ ಹತ್ತಿರ ಗಾಳಿ ತುಂಬಿದ ಲಾರಿ ಟ್ಯೂಬ್, ಅದಕ್ಕೆ ಕಟ್ಟಿದ ಉದ್ದ ಹಗ್ಗ. ನೀರಲ್ಲಿರುವವರು ಜೋಡಿ ಜೋಡಿ, ಪ್ರತಿಯೊಬ್ಬರಿಗೂ ಒಂದು ನಂಬರ್. ದಡದವನು ‘ಒಂದು!’ ಅಂದರೆ ಒಂದನೆಯವನು ಓಗೊಡಬೇಕು. ತಮಾಷೆಗೂ ಸುಮ್ಮನಿರೋ ಹಾಗಿಲ್ಲ. ಈಜು ಬರದವರು ನೀರಿಗೆ ಬೇಡ, ಗುಂಡು ಹಾಕಿದವರು ದಡಕ್ಕೂ ಬೇಡ.

ದಡದಲ್ಲಿ ಎರಡು ದೀಪ ಇಡಿ, ಒಂದು ನೀರಿನಂಚಿಗೆ, ಇನ್ನೊಂದು ನೇರ ಹಿಂದೆ, ಸ್ವಲ್ಪ ಎತ್ತರದಲ್ಲಿ. ನೀರಿಂದ ತಿರುಗಿ ನೋಡಿದಾಗ ಎರಡೂ ಒಂದರ ಮೇಲೊಂದು ಕಂಡರೆ ಇಳಿದ ಜಾಗದ ನೇರಕ್ಕೇ ಇದ್ದೀರಿ. ಒಂದು ಪಕ್ಕಕ್ಕೆ ಸರಿದಿದ್ದರೆ ನೀವೇ ಸರಿದಿದ್ದೀರಿ. ಟಾರ್ಚ್ ಮುಖಕ್ಕೆ ಬಿಡಬೇಡಿ, ಕಣ್ಣು ಮತ್ತೆ ಕತ್ತಲಿಗೆ ಒಗ್ಗೋಕೆ 20 ನಿಮಿಷವಾದರೂ ಬೇಕು.

ಡೈವ್ ಬೇಡ, ನಡೆದೇ ಇಳಿಯಿರಿ. ಎದೆಮಟ್ಟ ನೀರಲ್ಲಿ, ದಡದ ಉದ್ದಕ್ಕೇ ಈಜಿ. ಮೇಲಿನ ನೀರು ಬಿಸಿಲಿನ ಕಾವು ಹಿಡಿದಿಟ್ಟುಕೊಂಡು ಬೆಚ್ಚಗಿರುತ್ತದೆ, ಕಾಲು ಕೆಳಗೆ ಬಿಟ್ಟರೆ ಹಿಮ್ಮಡಿಗೆ ತಣ್ಣಗೆ ತಾಗುತ್ತದೆ. ಈ ಸುಖಕ್ಕೇ ಅಲ್ವಾ ಬಂದಿದ್ದು! ಪಕ್ಕದಲ್ಲಿ ನೀರುಹಾವು ಹರಿದರೆ ಕಿರುಚಬೇಡಿ, ಕೆರೆಯಲ್ಲಿ ಸಾಮಾನ್ಯವಾಗಿ ಕಾಣುವ ನೀರೊಳ್ಳೆಗೆ ವಿಷವಿಲ್ಲ, ಅದರ ಪಾಡಿಗೆ ಬಿಡಿ. ಮೀನಖಂಡ ಹಿಡಿದುಕೊಂಡರೆ ಅಂಗಾತ ತೇಲಿ ಕಾಲ್ಬೆರಳನ್ನು ನಿಮ್ಮ ಕಡೆಗೆ ಎಳೆಯಿರಿ. ಮುಳುಗು ಹಾಕಬೇಡಿ, ಮೂಗಿಗೆ ನೀರು ಹೋಗಬಾರದು. ಮಿದುಳಿಗೆ ಹತ್ತುವ ಅಮೀಬಾ ಬೆಚ್ಚಗಿನ ಸಿಹಿನೀರಿಂದ ಮೂಗಿನ ದಾರಿಯಲ್ಲೇ ಬರುವುದು, ಅಪರೂಪ, ಆದರೆ ಕೇರಳದಲ್ಲಿ ಜನ ಸತ್ತಿದ್ದಾರೆ.

ಮುಳುಗುವವರು ಕೂಗಲ್ಲ, ಉಸಿರಿಗೇ ಬಾಯಿ ಸಾಲದಿರುವಾಗ ಕೂಗುವುದೆಲ್ಲಿ? ಓಗೊಡದಿದ್ದರೆ ತಕ್ಷಣ ಟ್ಯೂಬ್ ಎಸೆಯಿರಿ, ಹಿಂದೆಯೇ ಹಾರಬೇಡಿ, ಗಾಬರಿಯಲ್ಲಿ ಅವರು ನಿಮ್ಮನ್ನೂ ತಬ್ಬಿ ಎಳೆಯುತ್ತಾರೆ. ಮೇಲೆ ತಂದಾಗ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತುವುದು, ತಲೆಕೆಳಗೆ ಹಿಡಿಯುವುದು ಮಾಡಬೇಡಿ. ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಆಮೇಲೆ ಎದೆ 30 ಸಲ ಒತ್ತಿ 2 ಉಸಿರು, ನಿಲ್ಲಿಸದೆ. ಇನ್ನೊಬ್ಬರು 112 ಅಥವಾ 108ಕ್ಕೆ ಫೋನ್ ಮಾಡಲಿ.

ಅರ್ಧ ಗಂಟೆ ಸಾಕು. ಹೊರಗೆ ಬಂದ ತಕ್ಷಣ ಗಾಳಿಗೆ ಮೈ ನಡುಗುತ್ತದೆ, ಒಣ ಬಟ್ಟೆ ಕೈಗೆ ಸಿಗುವಲ್ಲೇ ಇರಲಿ. ಕಾಲಲ್ಲಿ ಗಾಯ ಇದ್ದವರು ಇಳಿಯಲೇಬೇಡಿ, ಇಲಿ ಜ್ವರ ಅಲ್ಲಿಂದ ಒಳಗೆ ಹೋಗುತ್ತದೆ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ತಲೆನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ, ಡಾಕ್ಟರ್ ಹತ್ತಿರ ಹೋಗಿ, ಕೆರೆಯಲ್ಲಿ ಈಜಿದ್ದೆ ಅಂತ ಬಾಯಿಬಿಟ್ಟು ಹೇಳಿ.