ವಾಣಿಜ್ಯ ಬ್ಯಾಂಕಿಂಗ್‌ನಲ್ಲಿ ವೃತ್ತಿ ಆರಂಭಿಸುವ ಪದವೀಧರರು ಮೊದಲು ಕಲಿಯಬೇಕಾದದ್ದು

ಪದವಿ ಮುಗಿಸಿ ಬ್ಯಾಂಕ್ ಸೇರಲು ಹೊರಟವರಲ್ಲಿ ಅನೇಕರು ಬ್ಯಾಂಕಿನ ಯಾವ ವಿಭಾಗದ ಕೆಲಸ ತಮಗೆ ಬೇಕು ಎಂಬುದನ್ನು ನಿರ್ಧರಿಸದೆಯೇ ಅರ್ಜಿ ಹಾಕುತ್ತಾರೆ. ಷೇರು ಮತ್ತು ಬಾಂಡ್‌ಗಳನ್ನು ಮಾರುಕಟ್ಟೆಗೆ ತರುವುದು, ಕಂಪನಿಗಳ ವಿಲೀನಕ್ಕೆ ಸಲಹೆ ನೀಡುವುದು ಹೂಡಿಕೆ ಬ್ಯಾಂಕಿಂಗ್‌ನ ಕೆಲಸ. ವ್ಯಕ್ತಿಗಳ ಉಳಿತಾಯ ಖಾತೆ, ಗೃಹಸಾಲ, ಕಾರ್ಡುಗಳು ರೀಟೇಲ್ ವಿಭಾಗಕ್ಕೆ ಸೇರಿದವು. ಸಣ್ಣ ಕಾರ್ಖಾನೆಯಿಂದ ಹಿಡಿದು ನೂರಾರು ಜನರಿಗೆ ಕೆಲಸ ಕೊಟ್ಟ ಕಂಪನಿಯವರೆಗೆ ವ್ಯಾಪಾರ ಸಂಸ್ಥೆಗಳಿಗೆ ಸಾಲ ಕೊಡುವುದು, ಅವುಗಳ ಠೇವಣಿ ಮತ್ತು ಪಾವತಿಗಳನ್ನು ನಿರ್ವಹಿಸುವುದು, ಆಮದು ರಫ್ತಿನ ವ್ಯವಹಾರದಲ್ಲಿ ನಡುವೆ ನಿಂತು ಭರವಸೆ ನೀಡುವುದು ವಾಣಿಜ್ಯ ಬ್ಯಾಂಕಿಂಗ್. ಈ ಲೇಖನ ಆ ಮೂರನೆಯದನ್ನು ಆಯ್ದುಕೊಂಡವರಿಗೆ. ಇದರಲ್ಲಿ ಕಲಿಯಬೇಕಾದ ವಿಷಯಗಳು ಹಲವಾರು ಇದ್ದರೂ, ಸಾಲ ಕೇಳಿ ಬಂದ ಸಂಸ್ಥೆಗೆ ಅದನ್ನು ತೀರಿಸುವ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಪತ್ತೆಹಚ್ಚಿ ಬರೆದಿಡುವ ಸಾಮರ್ಥ್ಯವೇ ಉಳಿದೆಲ್ಲದಕ್ಕೂ ತಳಹದಿ ಎಂದು ನಾನು ನಂಬಿದ್ದೇನೆ.

ಕಾರಣ ಸರಳವಾದ ಲೆಕ್ಕದಲ್ಲಿದೆ. ಬ್ಯಾಂಕ್ ಸಾಲವಾಗಿ ಕೊಡುವ ಹಣದ ಬಹುಪಾಲು ಠೇವಣಿದಾರರದ್ದು. ಹಲವು ದೇಶಗಳ ಬ್ಯಾಂಕ್ ನಿಯಂತ್ರಕರು ಸೇರಿ 1974ರಲ್ಲಿ ರಚಿಸಿದ ಬಾಸೆಲ್ ಸಮಿತಿ 1988ರಲ್ಲಿ ಮುಂದಿಟ್ಟ ಒಪ್ಪಂದವು, ಅಪಾಯಕ್ಕೆ ತಕ್ಕ ತೂಕ ಹಾಕಿ ಅಳೆದ ಆಸ್ತಿಯ (ಕೊಟ್ಟ ಸಾಲ, ಹೂಡಿಕೆ ಇತ್ಯಾದಿ) ಶೇ. 8ರಷ್ಟಾದರೂ ಬ್ಯಾಂಕಿನ ಬಂಡವಾಳ ಇರಬೇಕೆಂದು ಹೇಳಿತು. 2010ರ ಮೂರನೆಯ ಒಪ್ಪಂದ ಆ ಬಂಡವಾಳದ ಗುಣಮಟ್ಟವನ್ನು ಬಿಗಿಗೊಳಿಸಿ, ಅದರ ಮೇಲೆ ಹೆಚ್ಚುವರಿ ರಕ್ಷಣೆಯನ್ನೂ ಸೇರಿಸಿತು. ಹೀಗೆ ಬಿಗಿಗೊಳಿಸಿದ ಮೇಲೂ ಬ್ಯಾಂಕಿನ ಸ್ವಂತ ಹಣದ ಪದರ ತೆಳುವಾದದ್ದೇ. ಖರ್ಚುಗಳನ್ನೆಲ್ಲ ಕಳೆದು ವರ್ಷಕ್ಕೆ ಶೇ. 1ರಷ್ಟು ಉಳಿಯುವ ಸಾಲವೊಂದನ್ನು ಊಹಿಸಿಕೊಳ್ಳಿ. 100 ಲಕ್ಷದ ಅಂಥ ಒಂದು ಸಾಲ ಕೆಟ್ಟು, ಅದರಲ್ಲಿ 60 ಲಕ್ಷ ಮಾತ್ರ ವಸೂಲಾದರೆ ನಷ್ಟ 40 ಲಕ್ಷ. ಅದನ್ನು ತುಂಬಿಕೊಳ್ಳಲು ಅದೇ ಗಾತ್ರದ 40 ಒಳ್ಳೆಯ ಸಾಲಗಳು ಒಂದು ವರ್ಷ ತಪ್ಪದೆ ದುಡಿಯಬೇಕು. ಷೇರಿನಲ್ಲಿ ಹಣ ಹಾಕಿದವನಿಗೆ ಒಂದು ಗೆಲುವು ಹತ್ತು ಸೋಲನ್ನು ಮುಚ್ಚಬಲ್ಲದು. ಸಾಲ ಕೊಟ್ಟವನಿಗೆ ಎಷ್ಟೇ ಒಳ್ಳೆಯದಾದರೂ ಸಿಗುವುದು ಅಸಲು ಮತ್ತು ಬಡ್ಡಿ ಅಷ್ಟೇ. ಬ್ಯಾಂಕಿನವರ ಅನುಮಾನದ ಸ್ವಭಾವಕ್ಕೆ ಮೂಲ ಇಲ್ಲಿದೆ.

ಅರ್ಜಿಗೆ ಮೊದಲಿನ ಸಿದ್ಧತೆ

ವಾಣಿಜ್ಯ ಅಥವಾ ಅರ್ಥಶಾಸ್ತ್ರದ ಪದವಿ ಇದ್ದರೆ ಅನುಕೂಲ, ಆದರೆ ಅದೇ ಕಡ್ಡಾಯವಲ್ಲ. ಎಂಜಿನಿಯರಿಂಗ್, ಗಣಿತ, ಇತಿಹಾಸ ಓದಿದವರನ್ನೂ ತರಬೇತಿಗೆ ತೆಗೆದುಕೊಳ್ಳುವ ಬ್ಯಾಂಕುಗಳಿವೆ. ಯಾವ ಪದವಿಯವರೇ ಆಗಲಿ, ಬ್ಯಾಲೆನ್ಸ್ ಶೀಟ್, ಲಾಭ ನಷ್ಟದ ಲೆಕ್ಕ ಮತ್ತು ನಗದು ಹರಿವಿನ ತಖ್ತೆ ಈ ಮೂರೂ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ಅರಿತಿರಬೇಕು. ಸೂತ್ರಗಳನ್ನು ಉರುಹೊಡೆದವರು ಸಂದರ್ಶನದ ಎರಡನೆಯ ಪ್ರಶ್ನೆಗೇ ತಡವರಿಸುತ್ತಾರೆ, ಏಕೆಂದರೆ ಕೇಳುವವರಿಗೆ ಅನುಪಾತ ಎಷ್ಟು ಎಂಬುದಕ್ಕಿಂತ ಅದು ಹೋದ ವರ್ಷಕ್ಕಿಂತ ಏಕೆ ಬದಲಾಯಿತು ಎಂಬುದು ಮುಖ್ಯ.

ಲಾಭಕ್ಕೂ ನಗದಿಗೂ ಇರುವ ವ್ಯತ್ಯಾಸವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಕಂಪನಿಯ ಸರಕು ತಯಾರಾಗಿ ಮಾರಾಟವಾಗುವವರೆಗೆ ಗೋದಾಮಿನಲ್ಲಿ 60 ದಿನ ಇರುತ್ತದೆ. ಉದ್ದರಿಯಲ್ಲಿ ಕೊಂಡವರು 75 ದಿನಗಳ ನಂತರ ಹಣ ಕೊಡುತ್ತಾರೆ. ಕಂಪನಿ ಮಾತ್ರ ತನಗೆ ಕಚ್ಚಾ ಸಾಮಗ್ರಿ ಕೊಟ್ಟವರಿಗೆ 45 ದಿನಗಳಲ್ಲಿ ಪಾವತಿಸಬೇಕು. ಅಂದರೆ 60ಕ್ಕೆ 75 ಕೂಡಿಸಿ 45 ಕಳೆದಾಗ ಉಳಿಯುವ 90 ದಿನಗಳ ಕಾಲ ಹಣ ವ್ಯಾಪಾರದೊಳಗೇ ಸಿಕ್ಕಿಕೊಂಡಿರುತ್ತದೆ. ಸರಕಿನ ವೆಚ್ಚ ದಿನಕ್ಕೆ 2 ಲಕ್ಷವಾದರೆ, ಸ್ಥೂಲವಾಗಿ 180 ಲಕ್ಷದ ದುಡಿಯುವ ಬಂಡವಾಳ ಸದಾ ಬೇಕು. ಈಗ ಮಾರಾಟ ಒಂದೇ ವರ್ಷದಲ್ಲಿ ಎರಡರಷ್ಟಾಯಿತು ಎನ್ನಿ: ಬೇಕಾದ ಬಂಡವಾಳ 360 ಲಕ್ಷಕ್ಕೆ ಏರುತ್ತದೆ. ವರ್ಷದ ಲಾಭ 40 ಲಕ್ಷದಿಂದ 80 ಲಕ್ಷಕ್ಕೆ ಏರಿದೆಯೆಂದು ಮಾಲೀಕರು ಸಂತೋಷದಿಂದ ಹೇಳಿದರೂ, ಹೆಚ್ಚುವರಿಯಾಗಿ ಬೇಕಾದ 180 ಲಕ್ಷವನ್ನು ಆ ಲಾಭ ತುಂಬಲಾರದು. ವೇಗವಾಗಿ ಬೆಳೆಯುತ್ತಿರುವ, ಲಾಭದಲ್ಲೇ ಇರುವ ಕಂಪನಿ ಸಂಬಳ ಕೊಡಲು ಹಣವಿಲ್ಲದೆ ಬ್ಯಾಂಕಿನ ಬಾಗಿಲಿಗೆ ಬರುವುದು ಹೀಗೆ. ಇದನ್ನು ಕಾಗದದ ಮೇಲೆ ಸ್ವತಃ ಲೆಕ್ಕ ಹಾಕಿ ಅರಿತ ಅಭ್ಯರ್ಥಿಗೆ ಓವರ್‌ಡ್ರಾಫ್ಟ್ (ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣವನ್ನು ಒಂದು ಮಿತಿಯವರೆಗೆ ತೆಗೆಯುವ ಸೌಲಭ್ಯ) ಏಕೆ, ಅವಧಿ ಸಾಲ ಏಕೆ ಎಂಬುದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ: ತಿರುಗುತ್ತಿರುವ ಸರಕು ಮತ್ತು ಬಾಕಿಗೆ ಅಲ್ಪಾವಧಿಯ ಸಾಲ, ಯಂತ್ರ ಮತ್ತು ಕಟ್ಟಡಕ್ಕೆ ಅವು ದುಡಿದು ತೀರಿಸುವಷ್ಟು ದೀರ್ಘ ಅವಧಿಯ ಸಾಲ.

ಅವಧಿ ಸಾಲದಲ್ಲಿ ನೋಡುವ ಮುಖ್ಯ ಅಳತೆ, ವರ್ಷದಲ್ಲಿ ಕೈಗೆ ಬರುವ ನಗದು ಆ ವರ್ಷದ ಕಂತು ಮತ್ತು ಬಡ್ಡಿಯ ಎಷ್ಟು ಪಟ್ಟಿದೆ ಎಂಬುದು. 150 ಲಕ್ಷ ನಗದು ಇದ್ದು 120 ಲಕ್ಷ ಕಟ್ಟಬೇಕಾದರೆ ಅನುಪಾತ 1.25. ನೋಡಲು ನೆಮ್ಮದಿಯ ಸಂಖ್ಯೆ, ಆದರೆ ನಗದು ಶೇ. 20ರಷ್ಟು ಕುಸಿದರೆ ಅದು ಸರಿಯಾಗಿ 1ಕ್ಕೆ ಇಳಿಯುತ್ತದೆ, ಅಲ್ಲಿಂದಾಚೆಗೆ ಒಂದು ದೊಡ್ಡ ಗ್ರಾಹಕ ಕೈತಪ್ಪಿದರೂ ಕಂತು ತಪ್ಪುತ್ತದೆ. ಹಾಗಾಗಿ ಅನುಪಾತವನ್ನು ಬರೆದ ಕೂಡಲೇ, ಅದು ಮುರಿಯಲು ಏನಾಗಬೇಕು, ಅದು ಆಗುವ ಸಂಭವವೆಷ್ಟು ಎಂದು ಕೇಳಿಕೊಳ್ಳುವ ಅಭ್ಯಾಸ ಬೇಕು.

ಅಂಕಿಗಳಾಚೆಗೆ ಸಾಲಗಾರರ ನಡತೆ ಇದೆ. 1912ರಲ್ಲಿ ಅಮೆರಿಕದ ಸಂಸತ್ತಿನ ಪೂಜೊ ಸಮಿತಿಯ ಮುಂದೆ ಸಾಕ್ಷ್ಯ ನುಡಿದ ಹೆಸರಾಂತ ಬ್ಯಾಂಕರ್ ಜೆ. ಪಿ. ಮಾರ್ಗನ್, ಸಾಲಕ್ಕೆ ಆಧಾರ ಮೊದಲಿಗೆ ಹಣವಾಗಲಿ ಆಸ್ತಿಯಾಗಲಿ ಅಲ್ಲ, ವ್ಯಕ್ತಿಯ ಗುಣ ಎಂದು ಹೇಳಿದ್ದರು. ಈ ಮಾತನ್ನು ತರಬೇತಿ ತರಗತಿಗಳಲ್ಲಿ ತುಸು ಹೆಚ್ಚೇ ಉದಾರವಾಗಿ ಬಳಸುತ್ತಾರೆ. ಗುಣ ಎಂದರೆ ಚೆನ್ನಾಗಿ ಮಾತನಾಡುವುದು, ನಮ್ಮಂತೆಯೇ ಓದಿ ಬೆಳೆದಿರುವುದು ಎಂದು ತಿಳಿದರೆ ಅದು ಪಕ್ಷಪಾತಕ್ಕೆ ದಾರಿಯಾಗುತ್ತದೆ. ಹಿಂದಿನ ಸಾಲಗಳನ್ನು ಹೇಗೆ ತೀರಿಸಿದರು, ಕಳೆದ ವರ್ಷ ಕೊಟ್ಟ ಅಂದಾಜಿಗೂ ಈ ವರ್ಷದ ಫಲಿತಾಂಶಕ್ಕೂ ಎಷ್ಟು ಅಂತರ, ಕೆಟ್ಟ ಸುದ್ದಿಯನ್ನು ತಾವಾಗಿ ತಿಳಿಸಿದರೋ ಅಥವಾ ಬ್ಯಾಂಕೇ ಕಂಡುಹಿಡಿಯಬೇಕಾಯಿತೋ ಎಂಬಂಥ ದಾಖಲೆಯಲ್ಲಿ ಕಾಣುವ ಸಂಗತಿಗಳಿಂದಲೇ ಅದನ್ನು ಅಳೆಯಬೇಕು. ಇನ್ನು ಅಡಮಾನದ ವಿಷಯ: ಅದು ಸಾಲ ಕೊಡಲು ಕಾರಣವಲ್ಲ, ಸಾಲ ಕೆಟ್ಟಾಗ ಇರುವ ಎರಡನೆಯ ದಾರಿ ಮಾತ್ರ. ಒತ್ತಾಯದಿಂದ ಮಾರುವಾಗ ಬರುವ ಬೆಲೆ ಕಡಿಮೆ, ಹಿಡಿಯುವ ಕಾಲ ಹೆಚ್ಚು.

ಇದನ್ನೆಲ್ಲ ಮನೆಯಲ್ಲೇ ಅಭ್ಯಾಸ ಮಾಡಲು ಸಾಧ್ಯ. ಷೇರುಪೇಟೆಯಲ್ಲಿ ನೋಂದಾಯಿತವಾದ, ಆದರೆ ತೀರ ದೊಡ್ಡದಲ್ಲದ ಒಂದು ಕಂಪನಿಯ ಮೂರು ವರ್ಷಗಳ ವಾರ್ಷಿಕ ವರದಿಯನ್ನು ತೆಗೆದುಕೊಂಡು, ಅದು ಐದು ವರ್ಷಗಳ ಸಾಲ ಕೇಳಿದೆಯೆಂದು ಕಲ್ಪಿಸಿಕೊಂಡು, ಎರಡು ಪುಟದ ಸಾಲ ಪ್ರಸ್ತಾವ ಬರೆಯಿರಿ. ಕಂಪನಿ ಹಣ ಗಳಿಸುವ ಬಗೆ, ಸಾಲದ ಉದ್ದೇಶ, ತೀರಿಸುವ ಮೂಲ, ಅದು ಬತ್ತಿದರೆ ಉಳಿಯುವ ದಾರಿ, ಬ್ಯಾಂಕ್ ವಿಧಿಸಬೇಕಾದ ಷರತ್ತುಗಳು ಎಲ್ಲವೂ ಅದರಲ್ಲಿ ಬರಬೇಕು. ಕೊನೆಯಲ್ಲಿ ಕೊಡಬೇಕೋ ಬೇಡವೋ ಎಂಬ ನಿಮ್ಮ ಸ್ಪಷ್ಟ ಶಿಫಾರಸು ಇರಬೇಕು. ಶಿಫಾರಸಿಲ್ಲದ ಪ್ರಸ್ತಾವ ಬರೀ ವರದಿ. ಲೆಕ್ಕಪರಿಶೋಧಕರ ಟಿಪ್ಪಣಿ, ಸಂಬಂಧಿತ ಸಂಸ್ಥೆಗಳ ಜೊತೆಗಿನ ವ್ಯವಹಾರ, ಮುಂದೆ ಬರಬಹುದಾದ ಹೊಣೆಗಳ ಪಟ್ಟಿ ಇವನ್ನು ವರದಿಯ ಕೊನೆಯ ಪುಟಗಳಲ್ಲಿ ಹುಡುಕಬೇಕು. ಮುಖಪುಟದ ಚಿತ್ರಗಳಿಗಿಂತ ಅಲ್ಲಿ ಹೆಚ್ಚು ಸತ್ಯವಿರುತ್ತದೆ. ಇಂಥ ಎರಡು ಮೂರು ಪ್ರಸ್ತಾವಗಳನ್ನು ಬರೆದವರು ಹತ್ತು ಪ್ರಮಾಣಪತ್ರ ಗಳಿಸಿದವರಿಗಿಂತ ಮುಂದಿರುತ್ತಾರೆ.

ಅರ್ಜಿ ಮತ್ತು ಸಂದರ್ಶನ

ಅನೇಕ ದೊಡ್ಡ ಬ್ಯಾಂಕುಗಳು ಪದವೀಧರರ ತರಬೇತಿ ಯೋಜನೆಗೆ ಕೆಲಸ ಶುರುವಾಗುವ ಹಲವು ತಿಂಗಳು ಮೊದಲೇ ಅರ್ಜಿ ಕರೆಯುತ್ತವೆ, ಆದ್ದರಿಂದ ಅಂತಿಮ ಪರೀಕ್ಷೆಯ ನಂತರ ನೋಡೋಣ ಎಂದರೆ ತಡವಾಗಬಹುದು. ಸಂಖ್ಯೆ ಮತ್ತು ತರ್ಕದ ಆನ್‌ಲೈನ್ ಪರೀಕ್ಷೆ, ಸಂದರ್ಶನ, ಗುಂಪಿನಲ್ಲಿ ಮಾಡುವ ಅಭ್ಯಾಸ ಇವು ಸಾಮಾನ್ಯ ಹಂತಗಳು. ರೆಸ್ಯೂಮೆಯಲ್ಲಿ ಇಂಟರ್ನ್‌ಶಿಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಂಗಡಿಯೊಂದರ ಲೆಕ್ಕ ನೋಡಿಕೊಂಡದ್ದನ್ನೋ ವಿದ್ಯಾರ್ಥಿ ಸಂಘದ ಖಜಾಂಚಿಯಾಗಿ ಬಾಕಿ ವಸೂಲು ಮಾಡಿದ್ದನ್ನೋ ಬರೆಯಲು ಹಿಂಜರಿಯಬೇಕಾಗಿಲ್ಲ.

ಸಂದರ್ಶನದಲ್ಲಿ ಬ್ಯಾಂಕುಗಳು ಹೇಗೆ ಕುಸಿಯುತ್ತವೆ ಎಂಬ ಪ್ರಶ್ನೆ ಯಾವುದಾದರೂ ರೂಪದಲ್ಲಿ ಬರುವ ಸಂಭವವಿದೆ. ಕೆಟ್ಟ ಸಾಲಗಳಿಂದ ಎಂಬ ಉತ್ತರ ಅರ್ಧ ಮಾತ್ರ ಸರಿ. 2023ರ ಮಾರ್ಚ್‌ನಲ್ಲಿ ಮುಚ್ಚಿದ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಠೇವಣಿಯ ಹಣದ ದೊಡ್ಡ ಪಾಲನ್ನು ದೀರ್ಘಾವಧಿಯ ಸುರಕ್ಷಿತ ಬಾಂಡ್‌ಗಳಲ್ಲಿ ಇಟ್ಟಿತ್ತು. ಬಡ್ಡಿದರ ಏರಿದಂತೆ ಆ ಬಾಂಡ್‌ಗಳ ಬೆಲೆ ಇಳಿಯಿತು. ಠೇವಣಿದಾರರು ಹೆಚ್ಚಾಗಿ ಒಂದೇ ಬಗೆಯ ಉದ್ಯಮಕ್ಕೆ ಸೇರಿದವರಾಗಿದ್ದು, ಠೇವಣಿ ವಿಮೆಯ ಮಿತಿಗಿಂತ ದೊಡ್ಡ ಮೊತ್ತ ಇಟ್ಟಿದ್ದರು. ಬಾಂಡ್‌ಗಳ ನಷ್ಟಕ್ಕೆ ಹೆದರಿ ಅವರು ಮಾರ್ಚ್ 9ರ ಒಂದೇ ದಿನ ಸುಮಾರು 42 ಶತಕೋಟಿ ಡಾಲರ್ ಹಿಂಪಡೆಯಲು ಮುಂದಾದರು, ಮರುದಿನ ನಿಯಂತ್ರಕರು ಬ್ಯಾಂಕನ್ನು ವಶಕ್ಕೆ ತೆಗೆದುಕೊಂಡರು. ಬಡ್ಡಿದರದ ಅಪಾಯ, ನಗದಿನ ಅಪಾಯ ಮತ್ತು ಗ್ರಾಹಕರು ಒಂದೆಡೆ ಕೇಂದ್ರೀಕರಿಸಿದ ಅಪಾಯ ಮೂರೂ ಸೇರಿ ಏನಾಗುತ್ತದೆ ಎಂದು ಈ ಪ್ರಕರಣವನ್ನಿಟ್ಟುಕೊಂಡು ವಿವರಿಸಬಲ್ಲವರು ಕಡಿಮೆ. ಗುಂಪಿನ ಅಭ್ಯಾಸದಲ್ಲಂತೂ ಜೋರಾಗಿ ಮಾತನಾಡುವುದಕ್ಕಿಂತ, ಎಲ್ಲರೂ ಸಾಲ ಕೊಡೋಣ ಎನ್ನುವಾಗ ಕೊಟ್ಟಿರುವ ಅಂಕಿಗಳಲ್ಲಿ ಕಾಣೆಯಾದದ್ದು ಯಾವುದು ಎಂದು ಕೇಳುವುದು ಹೆಚ್ಚು ಉಪಯುಕ್ತ.

ಕೆಲಸದ ಮೊದಲ ವರ್ಷಗಳು

ತರಬೇತಿ ಯೋಜನೆಗಳಲ್ಲಿ ಸಾಮಾನ್ಯವಾಗಿ ಕೆಲವು ತಿಂಗಳಿಗೊಮ್ಮೆ ವಿಭಾಗ ಬದಲಾಗುತ್ತದೆ. ಆಯ್ಕೆಗೆ ಅವಕಾಶವಿದ್ದರೆ ಸಾಲ ಪರಿಶೀಲನೆಯ ವಿಭಾಗವನ್ನೂ, ಕೆಟ್ಟ ಸಾಲಗಳನ್ನು ನಿಭಾಯಿಸುವ ವಸೂಲಾತಿ ವಿಭಾಗವನ್ನೂ ಕೇಳಿ ಪಡೆಯಬೇಕು. ಎರಡನೆಯದಕ್ಕೆ ಹೋಗಲು ಯಾರಿಗೂ ಉತ್ಸಾಹವಿರುವುದಿಲ್ಲ. ಆದರೆ ಐದು ವರ್ಷಗಳ ಹಿಂದೆ ಸೊಗಸಾಗಿ ಬರೆದ ಪ್ರಸ್ತಾವದ ಕಡತವನ್ನು, ಈಗ ಮುಳುಗಿದ ಕಂಪನಿಯ ಲೆಕ್ಕದ ಪಕ್ಕದಲ್ಲಿಟ್ಟು ಓದುವ ಅವಕಾಶ ಬೇರೆಲ್ಲೂ ಸಿಗದು. ಯಾವ ಷರತ್ತು ಬರೆಯದೆ ಬಿಟ್ಟರು, ಯಾವ ಅಡಮಾನದ ದಾಖಲೆ ಸರಿಯಾಗಿ ನೋಂದಣಿಯಾಗಿರಲಿಲ್ಲ ಎಂಬುದು ಅಲ್ಲಿ ತಿಳಿಯುತ್ತದೆ.

ವಿದೇಶಿ ವ್ಯಾಪಾರದ ಮೇಜಿನಲ್ಲಿ ಕಲಿಯುವ ಶಿಸ್ತು ಬೇರೆ ಬಗೆಯದು. ಲೆಟರ್ ಆಫ್ ಕ್ರೆಡಿಟ್‌ಗಳಿಗೆ (ಕೊಳ್ಳುವವರ ಪರವಾಗಿ ಬ್ಯಾಂಕ್ ಮಾರುವವರಿಗೆ ಕೊಡುವ ಪಾವತಿಯ ಭರವಸೆಪತ್ರ) ಜಗತ್ತಿನಾದ್ಯಂತ ಬಳಸುವ, 2007ರ ಜುಲೈನಿಂದ ಜಾರಿಯಲ್ಲಿರುವ ಯುಸಿಪಿ 600 ನಿಯಮಗಳ ಪ್ರಕಾರ ಬ್ಯಾಂಕುಗಳು ವ್ಯವಹರಿಸುವುದು ದಾಖಲೆಗಳ ಜೊತೆಗೆ, ಸರಕಿನ ಜೊತೆಗಲ್ಲ. ಬಂದ ದಾಖಲೆಗಳು ಒಪ್ಪಿಗೆಯಾಗುತ್ತವೆಯೇ ಎಂದು ನೋಡಲು ಗರಿಷ್ಠ ಐದು ಬ್ಯಾಂಕಿಂಗ್ ದಿನಗಳ ಕಾಲಾವಕಾಶವಿದೆ. ಹಡಗಿನ ರಸೀದಿಯಲ್ಲಿ ಒಂದು ದಿನಾಂಕ ತಪ್ಪಾದರೂ ಪಾವತಿ ನಿಂತುಹೋಗಬಹುದು. ಅಕ್ಷರ ಅಕ್ಷರ ಓದುವ ಸಹನೆ ಇಲ್ಲಿ ತಾನಾಗಿ ಬರುತ್ತದೆ.

ಗ್ರಾಹಕರ ಗುರುತಿನ ಪರಿಶೀಲನೆ ಹೊಸಬರ ಪಾಲಿಗೆ ಬರುವ ಬೇಸರದ ಕೆಲಸ. ಕಂಪನಿಯ ಹಿಂದೆ ಕಂಪನಿ, ಅದರ ಹಿಂದೆ ಟ್ರಸ್ಟ್ ಎಂಬಂತೆ ಹೋಗುವ ಸರಣಿಯ ಕೊನೆಯಲ್ಲಿ ನಿಜವಾದ ಮಾಲೀಕರು ಯಾರೆಂದು ತಿಳಿಯುವವರೆಗೆ ಬಿಡಬಾರದು. ಅಕ್ರಮ ಹಣ ವರ್ಗಾವಣೆಯನ್ನು ತಡೆಯಲು 1989ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಎಫ್‌ಎಟಿಎಫ್ ಸಂಸ್ಥೆಯ ಮಾನದಂಡಗಳನ್ನು ಅನುಸರಿಸುವ ದೇಶಗಳಲ್ಲಿ ಇದು ಕಾನೂನಿನ ಹೊಣೆ. ಅನುಮಾನಾಸ್ಪದ ವ್ಯವಹಾರದ ಬಗ್ಗೆ ವರದಿ ಮಾಡಿದ ಸಂಗತಿಯನ್ನು ಆ ಗ್ರಾಹಕರಿಗೆ ತಿಳಿಸುವುದೇ ಅಪರಾಧವಾಗಬಹುದು ಎಂಬುದನ್ನೂ ಮೊದಲ ವಾರದಲ್ಲೇ ತಿಳಿದುಕೊಂಡಿರಬೇಕು.

ಗ್ರಾಹಕರನ್ನು ನೋಡಿಕೊಳ್ಳುವ ರಿಲೇಷನ್‌ಶಿಪ್ ಮ್ಯಾನೇಜರ್‌ಗಳ ತಂಡದಲ್ಲಿ ಸೇರಿದಾಗ ಗುರಿಯ ಒತ್ತಡ ಶುರುವಾಗುತ್ತದೆ. ಕಂಪನಿಯ ಸ್ಥಳಕ್ಕೆ ಹೋದಾಗ ಗೋದಾಮಿನಲ್ಲಿ ಧೂಳು ಹಿಡಿದ ಸರಕು ಎಷ್ಟಿದೆ, ಲೆಕ್ಕಪತ್ರದ ಮುಖ್ಯಸ್ಥರು ಎಷ್ಟು ಬಾರಿ ಬದಲಾದರು, ಓವರ್‌ಡ್ರಾಫ್ಟ್ ಎಂದಾದರೂ ಮಿತಿಯಿಂದ ಕೆಳಗಿಳಿಯುತ್ತದೆಯೇ ಎಂಬುದನ್ನು ಗಮನಿಸಿ ಅಂದೇ ಬರೆದಿಡಬೇಕು. ಹಳೆಯ ಕಂತು ಕಟ್ಟಲೆಂದೇ ಹೊಸ ಸಾಲ ಕೊಟ್ಟು ಖಾತೆಯನ್ನು ಚೆನ್ನಾಗಿ ಕಾಣುವಂತೆ ಮಾಡುವ ಸಲಹೆ ಹಿರಿಯರಿಂದಲೇ ಬಂದರೂ ಅದಕ್ಕೆ ಸಹಿ ಹಾಕಬಾರದು. 2018ರಿಂದ ಜಾರಿಗೆ ಬಂದ ಐಎಫ್‌ಆರ್‌ಎಸ್ 9 ಎಂಬ ಅಂತರರಾಷ್ಟ್ರೀಯ ಲೆಕ್ಕಪದ್ಧತಿಯಲ್ಲಿ ಸಾಲ ಕೆಡುವವರೆಗೆ ಕಾಯದೆ, ನಿರೀಕ್ಷಿತ ನಷ್ಟಕ್ಕೆ ಮೊದಲೇ ಹಣ ತೆಗೆದಿಡಬೇಕು. ಸಾಮಾನ್ಯವಾಗಿ ಕಂತು 30 ದಿನ ಮೀರಿದರೆ ಸಾಲದ ಅಪಾಯ ಹೆಚ್ಚಿದೆಯೆಂದೂ, 90 ದಿನ ಮೀರಿದರೆ ಸುಸ್ತಿಯಾಗಿದೆಯೆಂದೂ ಪರಿಗಣಿಸಲಾಗುತ್ತದೆ. ಮುಚ್ಚಿಟ್ಟ ಬಾಕಿ ಮುಂದಿನ ತ್ರೈಮಾಸಿಕದಲ್ಲಿ ಇನ್ನೂ ದೊಡ್ಡದಾಗಿ ಹೊರಬರುತ್ತದೆ. ಆಗ ಕಡತದಲ್ಲಿರುವುದು ನಿಮ್ಮ ಸಹಿ.

ಸಿಎಫ್‌ಎ (ಹೂಡಿಕೆ ವಿಶ್ಲೇಷಣೆ), ಎಫ್‌ಆರ್‌ಎಂ (ಅಪಾಯ ನಿರ್ವಹಣೆ) ಮುಂತಾದ ವೃತ್ತಿಪರ ಪರೀಕ್ಷೆಗಳನ್ನು ಬರೆಯಲು ಮೊದಲ ವರ್ಷದಲ್ಲೇ ಅವಸರಪಡಬೇಕಾಗಿಲ್ಲ. ಸಾಲ ಪರಿಶೀಲನೆ, ಅಪಾಯ ನಿರ್ವಹಣೆ, ಗ್ರಾಹಕ ಸಂಬಂಧ ಇವುಗಳಲ್ಲಿ ಯಾವುದರಲ್ಲಿ ಉಳಿಯುವುದೆಂದು ನಿರ್ಧರಿಸಿದ ಮೇಲೆ ಅದಕ್ಕೆ ತಕ್ಕದ್ದನ್ನು ಆರಿಸಿಕೊಳ್ಳಬಹುದು. ಅದಕ್ಕಿಂತ ಮೊದಲು ಶುರುಮಾಡಬೇಕಾದದ್ದು ನಿಮ್ಮ ಕೈಯಿಂದ ಹೋದ ಪ್ರತಿಯೊಂದು ಪ್ರಸ್ತಾವದ ದಿನಚರಿ. ಬ್ಯಾಂಕಿನ ಗೋಪ್ಯತೆಯ ನಿಯಮ ಮೀರದಂತೆ ಅದನ್ನು ಕಚೇರಿಯ ವ್ಯವಸ್ಥೆಯೊಳಗೇ ಇಟ್ಟು, ಸಾಲ ತೀರುತ್ತದೆಂದು ನೀವು ನಂಬಿದ ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆದು, ವಾರ್ಷಿಕ ಪರಿಶೀಲನೆಗೆ ಆ ಖಾತೆ ಮತ್ತೆ ಬಂದಾಗ ಹೊಸ ಅಂಕಿಗಳನ್ನು ತೆರೆಯುವ ಮೊದಲು ಆ ವಾಕ್ಯವನ್ನು ಓದಿಕೊಳ್ಳಿ.